ಎಂಟನೆಯವಳು

ಆ ನಗು ಬಂದದ್ದು ಎರಡನೆಯ ಸಾಲಿನಿಂದ. ಯಾನ್ ಸೂಛಿನ್ ಮಾತು ನಿಲ್ಲಿಸಲಿಲ್ಲ. ಇಪ್ಪತ್ತು ವರ್ಷ ವಿಶ್ವವಿದ್ಯಾಲಯದ ತರಗತಿಗಳಲ್ಲಿ ನಿಂತವಳಿಗೆ ನಗುವನ್ನು ಕೊಚ್ಚೆ ದಾಟಿದ ಹಾಗೆ ದಾಟಿಹೋಗುವುದು ಗೊತ್ತು. ಆದರೆ ಇದು ಕೀಟಲೆಯ ನಗುವಾಗಿರಲಿಲ್ಲ. ಸಂತೆಯಲ್ಲಿ ಪರಿಚಿತರನ್ನು ಕಂಡಾಗ ಬರುವಂಥ, ಮೈ ಸಡಿಲಾದ ನಗು. ಬೆಳಿಗ್ಗೆಯಿಂದಲೂ ಅವಳ ಮನಸ್ಸು ಸರಿಯಿರಲಿಲ್ಲ. ಮೇಜಿನ ಮೇಲಿನ ಫಲಕದಲ್ಲಿ ಅವಳ ಮನೆತನದ ಹೆಸರಿಗೆ ಬೇರೆ ಅಕ್ಷರ ಬಿದ್ದಿತ್ತು. ನಾಲಗೆಗೆ ಎರಡೂ ‘ಯಾನ್’. ಬರಹದಲ್ಲಿ ಮಾತ್ರ ಇದು ‘ಕಠಿಣ’ ಎಂಬರ್ಥದ ಇನ್ನಾರದೋ ಹೆಸರು. ತಿದ್ದಿ ಎನ್ನಲು ಬಾಯಿ ತೆರೆದು ಸುಮ್ಮನಾಗಿದ್ದಳು. ಒಂದೇ ಸದ್ದಿನ ಬೇರೆ ಬೇರೆ ಅಕ್ಷರಗಳ ಬಗ್ಗೆಯೇ ಪ್ರಬಂಧ ಬರೆದು ಹೆಸರು ಗಳಿಸಿದವಳು ಇಷ್ಟಕ್ಕೆ ಮುನಿಸಿಕೊಂಡರೆ ನಗೆಪಾಟಲು. ಹಾಗಾಗಿ ಇನ್ನಾರದೋ ಹೆಸರಿನ ಹಿಂದೆ ಕೂತು, ಆಮೇಲೆ ಆ ಹೆಸರಿನವಳಾಗಿಯೇ ಎದ್ದು ನಿಂತು, ಶೀತಾನ್ ತಾಲೂಕಿನ ಅರವತ್ತು ಮಂದಿ ಅಧಿಕಾರಿಗಳಿಗೆ ಜಾಲತಾಣದ ಜನಾಭಿಪ್ರಾಯವನ್ನು ಅರಿಯುವುದು ಹೇಗೆ ಎಂದು ಪಾಠ ಹೇಳುತ್ತಿದ್ದಳು. ಪರದೆಯ ಮೇಲೆ ಬಿಳಿಯ ತಟ್ಟೆ. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆಗಳು. ಕೆಳಗೆ, ಉದಾಹರಣೆ ಹದಿನಾಲ್ಕು.

“ಮೇಡಂ, ಮಧ್ಯದಲ್ಲಿ ಬಾಯಿ ಹಾಕ್ತೀನಿ ಅಂತ ತಪ್ಪು ತಿಳೀಬೇಡಿ,” ಎಂದು ನಕ್ಕವನು ಎದ್ದು ನಿಂತ. ತಾಲೂಕಿನ ಜಾಲತಾಣ ಕಚೇರಿಯ ನಿರ್ದೇಶಕ ಲ್ವೋ. ಅವಳನ್ನು ರೈಲು ನಿಲ್ದಾಣದಿಂದ ಕರೆತಂದವನೂ ಅವನೇ. ದುಂಡು ಮುಖ, ಒಂದು ದವಡೆಯಲ್ಲಿ ಸದಾ ಅಡಿಕೆ. “ಆ ಮೊಟ್ಟೆ ನಮ್ಮೂರಿನವು.”

ಸಭಾಂಗಣವೆಲ್ಲ ನಕ್ಕಿತು. ಲ್ವೋ ಕೈ ಎತ್ತಿ ಸುಮ್ಮನಾಗಿಸಿದ. “ನಗಬೇಡಿ ನೀವು. ನಿಮ್ಮಲ್ಲಿ ಯಾರಿಗಾದ್ರೂ ಅರ್ಥ ಆಗಿತ್ತಾ? ಊರಿಗೆ ಊರೇ ಮೊಟ್ಟೆ ಫೋಟೋ ಹಾಕ್ತಾ ಇತ್ತು, ನಾವು ಕೋಳಿ ಸಾಕಣೆ ಯೋಜನೆ ಯಶಸ್ವಿ ಆಯ್ತು ಅಂತ ವರದಿ ಕಳ್ಸಿದ್ವಿ. ಮೇಡಂ ಲೇಖನ ಓದಿದ ಮೇಲೇನೇ ಕಣ್ರೀ ಎಣಿಸಿ ನೋಡಿದ್ದು.”

ಈ ಚಿತ್ರವನ್ನು ತೆಗೆದುಬಿಡಲೇ ಎಂದು ರೈಲಿನಲ್ಲಿ ಅವಳು ಯೋಚಿಸಿರಲಿಲ್ಲವೆಂದಲ್ಲ. ನಾಲ್ಕು ವರ್ಷದ ಹಿಂದೆ ಚಳಿಗಾಲದ ಕೊನೆಯಲ್ಲಿ ಯಾಂತ್ರಿಕ ದೋಣಿ ಮಗುಚಿದ್ದು ಇದೇ ಶೀತಾನಿನ ಕಡವಿನಲ್ಲಿ. ಸತ್ತವರು ಏಳು ಎಂದು ಪ್ರಕಟಣೆ ಬಂದಿತ್ತು. ಮರುದಿನದಿಂದ ಒಬ್ಬ ಹೆಂಗಸು ತನ್ನ ಖಾತೆಯಲ್ಲಿ ‘ಎಂಟು’ ಎಂದು ಬರೆಯತೊಡಗಿದಳು. ಬೇರೇನೂ ಇಲ್ಲ, ದಿನಕ್ಕೊಂದು ಸಲ ಅದೊಂದೇ ಪದ. ಅದನ್ನು ಅಳಿಸಿದರು. ಎಂಟು ಚಮಚಗಳ ಚಿತ್ರ ಬಂತು, ಎಂಟು ಚಪ್ಪಲಿ, ಎಂಟು ಮೊಟ್ಟೆ. ಕಂಡುಕೇಳದವರೂ ಹಾಕತೊಡಗಿದರು. ಎಂಟು ಎನ್ನುವುದನ್ನೂ ಅಪ್ಪ ಎನ್ನುವುದನ್ನೂ ಅವರ ಭಾಷೆಯಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ ಸದ್ದಿನಲ್ಲಿ, ದನಿಯ ಏರಿಳಿತವಷ್ಟೇ ಬೇರೆ. ಆದ್ದರಿಂದ ಕೆಲವರು ‘ಅಪ್ಪಾ’ ಎಂದು ಮಾತ್ರ ಬರೆದರು. ಸೂಛಿನ್ ಅದೆಲ್ಲವನ್ನೂ ಅಳಿಯುವ ಮುನ್ನ ಹೆಕ್ಕಿ ಇಟ್ಟುಕೊಂಡಿದ್ದಳು. ಒರೆಸಿದಷ್ಟೂ ಮಾತು ಬೇರೆ ವೇಷ ಹಾಕಿ ಬರುತ್ತದೆ ಎಂದು ಬರೆಯುವಾಗ ಅವಳಿಗೆ ತಾನು ಆ ಮಾತಿನ ಕಡೆಯವಳು ಎಂದೇ ಅನಿಸಿತ್ತು. ಪತ್ರಿಕೆಯವರು ಲೇಖನ ವಾಪಸು ಕಳಿಸಿ, ಇದರಿಂದ ಆಡಳಿತಕ್ಕೇನು ಉಪಯೋಗ ಎಂದು ಕೇಳಿದರು. ಆಗ ಕೊನೆಗೊಂದು ಪರಿಚ್ಛೇದ ಸೇರಿಸಿದಳು: ಚಿತ್ರಗಳನ್ನೂ ಹತ್ತಿರದ ಸದ್ದಿನ ಪದಗಳನ್ನೂ ಸಂಬಂಧಪಟ್ಟವರು ಗಮನಿಸುವುದು ಒಳಿತು. ಇಪ್ಪತ್ತು ನಿಮಿಷದ ಕೆಲಸ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅದು ಉಕ್ಕುವುದರೊಳಗೆ ಮುಗಿಸಿದ್ದಳು. ಆ ಲೇಖನಕ್ಕೆ ಪ್ರಾಂತದ ಬಹುಮಾನ ಬಂತು, ಅವಳು ಪ್ರಾಧ್ಯಾಪಕಿಯಾದಳು. ಊರಿನ ಹೆಸರು ತೆಗೆದಿದ್ದೇನಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಚಿತ್ರವನ್ನು ಉಳಿಸಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಅದು ಅವಳ ಅತ್ಯುತ್ತಮ ಉದಾಹರಣೆ. ಅದಿಲ್ಲದೆ ಉಪನ್ಯಾಸ ಸಪ್ಪೆ.

“ಆಮೇಲೇನಾಯ್ತು ಗೊತ್ತಾ ಮೇಡಂ,” ಲ್ವೋ ಸಭೆಯ ಕಡೆ ತಿರುಗಿ ಹೇಳುತ್ತಿದ್ದ, “ನೀವು ಹೇಳಿದ ಹಾಗೇ ಜರಡಿ ಹಿಡಿದ್ವಿ. ಎಂಟು ವಸ್ತು ಇರೋ ಫೋಟೋ ಎಲ್ಲಾ ಮಾಯ. ಹಳೇ ಕಾರು ಮಾರೋನೊಬ್ಬ ಬಂದು ಅಳ್ತಾನೆ, ಸಾಹೇಬ್ರೆ, ಅದೃಷ್ಟದ ನಂಬರ್ ಎಂಟು ಇರೋ ಗಾಡಿ ಒಂದೂ ಕಾಣಿಸ್ತಿಲ್ಲ, ವ್ಯಾಪಾರ ಬಿದ್ದೋಯ್ತು ಅಂತ. ಅಪ್ಪಂದಿರ ದಿನ ಬಂತು, ಇಡೀ ತಾಲೂಕಲ್ಲಿ ಒಬ್ಬರಿಗೂ ಅಪ್ಪನೇ ಇಲ್ಲ.”

ಎಲ್ಲರೂ ನಕ್ಕರು. ತಾನೂ ನಗುತ್ತಿದ್ದೇನೆಂದು ಸೂಛಿನ್‌ಳಿಗೆ ತಿಳಿದದ್ದು ಕೆನ್ನೆ ನೋಯತೊಡಗಿದಾಗ.

ಮಧ್ಯಾಹ್ನ ಊಟಕ್ಕೆ ಹೋಟೆಲಿನಲ್ಲಿ ಏರ್ಪಾಟಾಗಿದೆ ಎಂದಿದ್ದ ಲ್ವೋ ಕಾರಿನಲ್ಲಿ ಕೂತ ಮೇಲೆ ಮಾತು ಬದಲಿಸಿದ. “ಹೋಟ್ಲು ಊಟ ನಿಮಗೇನು ಹೊಸದಾ. ನಿಮ್ಮ ಉದಾಹರಣೆ ಹದಿನಾಲ್ಕರ ಕೈಯಿಂದಾನೇ ತಿನ್ನಿಸ್ತೀನಿ ಬನ್ನಿ.” ಅವಳು ಬೇಡ ಎನ್ನಬಹುದಾಗಿತ್ತು. ತಲೆನೋವು ಎನ್ನಬಹುದಾಗಿತ್ತು, ಮೂರು ಗಂಟೆಗೆ ರೈಲು ಎನ್ನಬಹುದಾಗಿತ್ತು. “ಅಯ್ಯೋ, ನಿಮಗ್ಯಾಕೆ ತೊಂದರೆ,” ಎಂದಳು. ಅದು ಒಪ್ಪಿಗೆಯೆಂದು ಇಬ್ಬರಿಗೂ ಗೊತ್ತಿತ್ತು. ಕಾರು ನದಿಯ ಗುಂಟ ಓಡಿತು. ಕಡವು ಇದ್ದ ಕಡೆ ಈಗ ಹೊಸ ಸೇತುವೆ. ಸೇತುವೆಯ ಕಂಬಿಯ ಉದ್ದಕ್ಕೂ ಕೆಂಪು ಬಟ್ಟೆಯ ಮೇಲೆ ಬಿಳಿಯ ಅಕ್ಷರದ ಘೋಷಣೆಗಳು. ಅವಳ ಅಪ್ಪ ಹಳ್ಳಿಯ ಶಾಲೆಯ ಮೇಷ್ಟ್ರು. ಅಕ್ಷರ ದುಂಡಗೆ ಬರುತ್ತಿದ್ದುದರಿಂದ ಗೋಡೆಗಳ ಮೇಲೆ ಘೋಷಣೆ ಬರೆಯುವ ಕೆಲಸವೂ ಅವನ ಪಾಲಿಗೇ. ಮೇಲಿನಿಂದ ಹೊಸ ಘೋಷಣೆ ಬಂದಾಗಲೆಲ್ಲ ಹಳೆಯದರ ಮೇಲೆ ಸುಣ್ಣ ಬಳಿಯಬೇಕು. ಬಕೆಟ್ಟು ಹಿಡಿದು ನಿಂತ ಮಗಳು ಬಾಯಿಬಿಟ್ಟು ಓದತೊಡಗಿದರೆ ಗದರುತ್ತಿದ್ದ: ಸುಣ್ಣ ಹೊಡಿಯೋವಾಗ ಹಳೇದನ್ನ ಓದಬಾರದು ಕಣೇ, ಓದಿದ್ರೆ ಕೈ ನಿಧಾನ ಆಗುತ್ತೆ. ಅಪ್ಪನ ಉಗುರಿನ ಸಂದಿಯ ಸುಣ್ಣ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಕಾರು ನಿಂತಿತು. ಸೇತುವೆಯ ಕೆಳಗೆ ನಾಲ್ಕು ಮೇಜಿನ ಅಂಗಡಿ, ಬಾಗಿಲಲ್ಲಿ ಅಕ್ಕಿ ಶಾವಿಗೆ ಬೇಯುವ ಹಬೆ.

ಒಲೆಯ ಮುಂದಿದ್ದ ಹೆಂಗಸಿಗೆ ಐವತ್ತರ ಮೇಲಿರಬೇಕು. ಗಿಡ್ಡ, ಗಟ್ಟಿ ಮೈ, ತೋಳಿಗೆ ಹೂವಿನ ಬಟ್ಟೆಯ ಮುಸುಕು. ಲ್ವೋನನ್ನು ಕಂಡದ್ದೇ ಬಟ್ಟಲುಗಳನ್ನು ಸಾಲಾಗಿ ಇಡತೊಡಗಿದಳು. “ಬಂದ್ರಾ ಸಾಹೇಬ್ರು. ಇವತ್ತು ನಾನೇನೂ ಬರ್ದಿಲ್ಲಪ್ಪ.”

“ಬರೆದಿದ್ರೆ ಊಟಕ್ಕೆ ಬರ್ತಿದ್ನಾ ಗ್ವೇಜೆನಕ್ಕ?” ಲ್ವೋ ಕುರ್ಚಿ ಎಳೆದುಕೊಂಡ. “ನೋಡಿ ಯಾರನ್ನ ಕರ್ಕೊಂಡು ಬಂದಿದೀನಿ. ರಾಜಧಾನಿಯ ಪ್ರೊಫೆಸರು. ನಿಮ್ಮ ಮೊಟ್ಟೆ ಮೇಲೆ ಪುಸ್ತಕ ಬರ್ದಿದಾರೆ.”

ಹೆಂಗಸು ಸೂಛಿನ್‌ಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಬಹುದು ಎಂದು ಹುಡುಕಿದಳು ಸೂಛಿನ್. ಸಿಟ್ಟಿದ್ದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಅಲ್ಲಿದ್ದದ್ದು ಅಳತೆ ನೋಡುವ ದೃಷ್ಟಿ, ಈ ಗಿರಾಕಿಗೆ ಎಷ್ಟು ಖಾರ ಹಾಕಬಹುದು ಎಂಬಂಥದು. ಶಾವಿಗೆಯ ಮೇಲೆ ಸಾರು ಸುರಿದು, ಹುಳಿ ಹುರುಳಿಕಾಯಿ, ಮೆಣಸಿನ ಎಣ್ಣೆ ಹಾಕಿ ತಂದಿಟ್ಟಳು. ಲ್ವೋಗೆ ಫೋನು ಬಂದು ಅವನು ಅಡಿಕೆ ಉಗುಳಲು ಎದ್ದು ಹೊರಗೆ ಹೋದ. ಪಕ್ಕದ ಮೇಜಿನಲ್ಲಿ ಡ್ರೈವರ್ ತಲೆ ತಗ್ಗಿಸಿ ಸುರ್ರೆಂದು ಎಳೆಯುತ್ತಿದ್ದ.

“ಟೀಚರಮ್ಮ,” ಗ್ವೇಜೆನ್ ದನಿ ತಗ್ಗಿಸಲಿಲ್ಲ, ಉಪ್ಪು ಸಾಕಾ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು, “ನಾನು ಹಾಕಿದ್ದೆಲ್ಲ ನಿಮ್ಮ ಹತ್ರ ಇದೆಯಂತೆ, ನಿಜಾನಾ?”

“ಯಾರು ಹೇಳಿದ್ರು?”

“ಇವರೇ. ಫೋನು ತಗೊಂಡು ಹೋಗಿದ್ರು, ವಾಪಸು ಕೊಟ್ಟಾಗ ಬೋಳು. ಒಂದೂ ಇರ್ಲಿಲ್ಲ. ಅದರಲ್ಲಿ ನನ್ನ ತಂಗಿ ಗ್ವೇಲಾನ್ ಫೋಟೋ ಇತ್ತು, ಅದನ್ನೂ ಒಂದ್ಸಲ ಹಾಕಿದ್ದೆ. ದೋಣೀಲಿ ಕಡಲೆಕಾಯಿ ಮಾರ್ತಿದ್ಲು, ಟಿಕೀಟು ಇರ್ಲಿಲ್ಲ, ಪಟ್ಟೀಲಿ ಹೆಸರಿಲ್ಲ. ಆವತ್ತು ದೋಣಿ ಹೊರಡೋವಾಗ ಯಾರ ಕೈಲೋ ತೆಗೆಸಿ ಕಳ್ಸಿದ್ಲು, ಬಿಸಿಲು ಚೆನ್ನಾಗಿದೆ ಅಂತ. ದೇಹ ಸಿಗಲಿಲ್ಲ. ಯಾರ ಜೊತೆಗೋ ಓಡಿಹೋದ್ಲು ಅಂತಾರೆ ಊರಲ್ಲಿ. ಅವಳ ಮಗಳಿಗೆ ಈಗ ಹದಿನಾರು. ಅವಳೂ ಹಾಗೇ ನಂಬಿದಾಳೆ. ಅಮ್ಮನ ಹೆಸರು ಎತ್ತಿದ್ರೆ ಊಟ ಬಿಟ್ಟು ಎದ್ದುಹೋಗ್ತಾಳೆ.” ಅವಳು ಒದ್ದೆ ಬಟ್ಟೆಯಿಂದ ಮೇಜು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. “ನನಗೆ ಪರಿಹಾರ ಬೇಡ. ಆ ಫೋಟೋ ಒಂದು ಕೊಡ್ತೀರಾ?”

ಹದಿನಾಲ್ಕು ಗೀಟು ಮೂರು. ಕಡತದ ಅಂಕಿ ಸೂಛಿನ್‌ಳ ತಲೆಯಲ್ಲಿ ಥಟ್ಟನೆ ಹೊತ್ತಿಕೊಂಡಿತು. ಬಿದಿರಿನ ಬುಟ್ಟಿ, ದೋಣಿಯ ಕಟಕಟೆ, ಬಿಸಿಲು. ಇದೆ. ಬಾಗಿಲಾಚೆ ಲ್ವೋನ ಬೆನ್ನು ಕಾಣುತ್ತಿತ್ತು. ಅವನ ಮಾತು ನಿಂತಿತ್ತು, ಫೋನು ಮಾತ್ರ ಕಿವಿಯಲ್ಲೇ ಇತ್ತು. ಡ್ರೈವರನ ಸುರ್ರೆಂಬ ಸದ್ದೂ ನಿಂತಿತ್ತು.

“ನಾವು ಫೋಟೋ ಎಲ್ಲಾ ಇಟ್ಕೊಳ್ಳಲ್ಲ,” ಎಂದಳು ಸೂಛಿನ್. “ಅಂಕಿ ಅಂಶ ಅಷ್ಟೇ.”

“ಹೌದಾ,” ಎಂದಳು ಗ್ವೇಜೆನ್. ಬಟ್ಟಲನ್ನು ಇವಳ ಕಡೆ ಸರಿಸಿದಳು. “ತಿನ್ನಿ. ಆರುತ್ತೆ.”

ತಿಂದಳು. ತಳದ ಸಾರಿನವರೆಗೂ ಬಿಡದೆ, ಶಿಕ್ಷೆಯೆಂಬಂತೆ ತಿಂದಳು. ಕಾರು ಹೊರಟಾಗ ಲ್ವೋ ಮುಂದಿನ ಸೀಟಿನಿಂದ ತಿರುಗಿ ಕೇಳಿದ, “ಏನಂತೆ ಅಕ್ಕಂಗೆ?” ಖಾರ ಸಾಕಾ ಅಂತ ಕೇಳಿದ್ರು, ಎಂದಳು. ಅವನು ಹೊಸ ಅಡಿಕೆಯ ಪೊಟ್ಟಣ ಹರಿದ. “ನೀವು ತುಂಬ ಒಳ್ಳೆಯವರು ಮೇಡಂ,” ಎಂದ. ಅದರ ಅರ್ಥವೇನೆಂದು ಅವಳು ಕಾರು ನಿಲ್ದಾಣ ಮುಟ್ಟುವವರೆಗೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಇಳಿಯುವಾಗ ಅವನು ಅವಳ ಚೀಲವನ್ನು ತಾನೇ ಹೊತ್ತು, ಮರೆತಿದ್ದು ನೆನಪಾದವನಂತೆ ಹೇಳಿದ. “ನಿಮ್ಮ ಮೂಲ ಸಂಗ್ರಹ ಪೂರ್ತಿ ನಮಗೆ ಬೇಕಾಗುತ್ತೆ. ಲೇಖನದಲ್ಲಿ ಹೆಸರು ತೆಗೆದಿದ್ದೀರಲ್ಲ, ತೆಗೆಯೋದಕ್ಕೆ ಮುಂಚಿಂದು. ಹೊಸ ಯಂತ್ರಕ್ಕೆ ಕಲಿಸಬೇಕು. ಎಷ್ಟು ಜನರದು, ನಾಲ್ಕು ಸಾವಿರ ಅಲ್ವಾ? ನಿಮ್ಮ ವಿಭಾಗದ ಕಾರ್ಯದರ್ಶಿಗಳಿಗೆ ಹೇಳಿದೀನಿ, ಅವರು ಹೂಂ ಅಂದಿದಾರೆ. ಗುರುವಾರ ನಮ್ಮವನು ಬರ್ತಾನೆ.”

ರೈಲಿನಲ್ಲಿ ಪಕ್ಕದ ಸೀಟಿನವಳು ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿದ್ದಳು. ನಾಲ್ಕು ಸಾವಿರ ಎಂಬ ಅಂಕಿಯನ್ನು ತಾನು ಎಷ್ಟು ಸಭೆಗಳಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದ್ದೇನೆ ಎಂದು ಸೂಛಿನ್ ನೆನೆಸಿಕೊಂಡಳು. ಅವರಲ್ಲಿ ಒಬ್ಬರ ಮುಖವೂ ಕಣ್ಣೆದುರು ಬರಲಿಲ್ಲ. ಒಬ್ಬ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ್ದ, ಮಕ್ಕಳವೂ ಸೇರಿ. ಒಬ್ಬಳು ತನ್ನ ಎಂಟು ಬೆರಳನ್ನು ಚಾಚಿದ್ದಳು, ಉಗುರಿನ ಬಣ್ಣ ಅರ್ಧ ಎದ್ದಿತ್ತು. ಬೆರಳಿಗೆ ಹೆಸರಿರುತ್ತದೆ. ಹೆಸರಿಗೆ ವಿಳಾಸ, ವಿಳಾಸಕ್ಕೊಂದು ಬಾಗಿಲು. ಬಾಗಿಲಲ್ಲಿ ನಿಂತು ನಗುವ ಲ್ವೋ, ಊಟ ಆಯ್ತಾ ಅಕ್ಕಾ.

ಬುಧವಾರ ಬೆಳಿಗ್ಗೆ ಬೇಗ ವಿಭಾಗಕ್ಕೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಕಡತ ತೆಗೆದಳು. ಹದಿನಾಲ್ಕು ಗೀಟು ಒಂದು, ಚಮಚ. ಗೀಟು ಎರಡು, ಮೊಟ್ಟೆ. ಗೀಟು ಮೂರು ತೆರೆದುಕೊಂಡಿತು: ಬಿಸಿಲು, ಕಟಕಟೆ, ಮುಳುಗುವವರಿಗೆ ಎಸೆಯಲು ತೂಗುಹಾಕಿದ ಕಿತ್ತಳೆ ಬಣ್ಣದ ತೇಲುಬಳೆ, ಬಿದಿರಿನ ಬುಟ್ಟಿ, ಬುಟ್ಟಿ ಹಿಡಿದ ಎರಡು ಕೈ, ನೀಲಿ ಅಂಗಿ, ಅಂಗಿಯ ಮೇಲೆ ಬೂದು ಬಣ್ಣದ ಒಂದು ಚೌಕ. ಮುಖವಿರಬೇಕಾದ ಕಡೆ ಚೌಕ. ಹಿಂದೆ ನಿಂತವರಿಗೂ ಸಣ್ಣ ಸಣ್ಣ ಬೂದು ಚೌಕಗಳು. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಲೇಖನ ಬರೆದ ಚಳಿಗಾಲ ನೆನಪಾಯಿತು. ಬಿಸಿನೀರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಹೇಳದಿದ್ದರೂ, ಮೂರು ವಾರ ಕೂತು ಒಂದೊಂದೇ ಚಿತ್ರದ ಮುಖಗಳನ್ನು ಅಳಿಸಿದ್ದಳು. ಅಳಿಸಿ ಮೂಲವನ್ನು ತೆಗೆದುಹಾಕಿದ್ದಳು, ಯಾರ ಕೈಗೂ ಸಿಗದಿರಲಿ ಎಂದು. ಖಾತೆಗಳ ಪಟ್ಟಿಯನ್ನು ಮಾತ್ರ ಲೆಕ್ಕಾಚಾರಕ್ಕೆ ಬೇಕೆಂದು ಇಟ್ಟುಕೊಂಡಿದ್ದಳು. ಆಗ ತನ್ನ ಬಗ್ಗೆ ಅವಳಿಗೆ ಎಂಥ ಗೌರವ ಹುಟ್ಟಿತ್ತು. ಸಂಶೋಧಕಿಗೂ ಒಂದು ನೀತಿ ಬೇಡವೇ ಎಂದು ಗಂಡನಿಗೆ ಹೇಳಿದ್ದಳು; ಅವನು ಕಿತ್ತಳೆ ಸುಲಿಯುತ್ತ, ಸರಿ, ಎಂದಿದ್ದ. ಫೋಟೋ ಇಟ್ಟುಕೊಳ್ಳುವುದಿಲ್ಲ ಎಂದು ಸೇತುವೆಯ ಕೆಳಗೆ ಹೇಳಿದ್ದು ಸುಳ್ಳು ಎಂದು ಎರಡು ದಿನದಿಂದ ಬೆಂದಿದ್ದಳು. ಮುಖವೇ ಇಲ್ಲದ ಮೇಲೆ ಅದು ಸುಳ್ಳೇನಾಗಿರಲಿಲ್ಲ. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಬಾಗಿಲು ತಟ್ಟಿ ಕಾರ್ಯದರ್ಶಿ ಮೆಂಗ್ ಒಳಗೆ ಬಂದಳು. ವಿಭಾಗದಲ್ಲಿ ಆಳುವ ಪಕ್ಷದ ಕೆಲಸ ನೋಡುವವಳು, ನಿವೃತ್ತಿಗೆ ಎರಡು ವರ್ಷ, ಕೈಯಲ್ಲಿ ಯಾವಾಗಲೂ ಕೆಂಪು ಹಣ್ಣು ತೇಲುವ ಬಿಸಿನೀರಿನ ಫ್ಲಾಸ್ಕು. ಸೂಛಿನ್‌ಳ ಮದುವೆಯಲ್ಲಿ ಹಾಡಿದವಳು. “ನಕಲು ಮಾಡಕ್ಕೆ ಹಾಕಿದ್ಯಾ?” ಎಂದು ಮೇಜಿನ ಮೇಲಿನ ಸಣ್ಣ ಡ್ರೈವ್ ಕಡೆ ನೋಡಿದಳು.

“ಮೆಂಗಕ್ಕ, ಅದರಲ್ಲಿ ಜನರ ಹೆಸರಿದೆ.”

“ಗೊತ್ತು ಸೂಛಿನ್. ಹೆಸರಿದೆ ಅಂತಾನೇ ಕೇಳಿರೋದು.” ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು. “ಕೊಡದೇ ಇರೋಕೆ ಕಾರಣ ಬರೆದುಕೊಡಬೇಕಾಗುತ್ತೆ. ಕೊಡೋಕೆ ಏನೂ ಬರೀಬೇಕಾಗಿಲ್ಲ. ನೀನೇ ಯೋಚ್ನೆ ಮಾಡು.” ಹೋಗುವವಳು ತಿರುಗಿ ಸೇರಿಸಿದಳು. “ಆ ಲ್ವೋ ಬೆಳಿಗ್ಗೆ ಫೋನು ಮಾಡಿದ್ದ. ಶಾವಿಗೆ ಅಂಗಡಿಯವಳು ಯಾರೋ ಬಾಗಿಲು ಹಾಕಿ ಮೊದಲ ಬಸ್ಸು ಹತ್ತಿದಾಳಂತೆ. ಇಲ್ಲಿಗೆ ಬಂದ್ರೆ ಕೂರಿಸು, ಟೀ ಕೊಡು, ನನಗೊಂದು ಮಾತು ಹೇಳು. ಅಷ್ಟು ಸಾಕು.”

ಮೆಂಗ್ ಹೋದ ಮೇಲೆ ಸೂಛಿನ್ ಡ್ರೈವನ್ನು ಸಿಕ್ಕಿಸಿದಳು. ಹಸಿರು ಗೆರೆ ನಿಧಾನವಾಗಿ ಬೆಳೆಯತೊಡಗಿತು. ಅದನ್ನು ನೋಡುವುದರಲ್ಲಿ ಒಂದು ನೆಮ್ಮದಿಯಿತ್ತು, ತಾನೇನೂ ಮಾಡುತ್ತಿಲ್ಲ, ಅದು ತಾನಾಗಿಯೇ ಆಗುತ್ತಿದೆ ಎಂಬಂತೆ. ಗೆರೆ ಮೂರನೆಯ ಒಂದು ಭಾಗ ದಾಟಿದಾಗ ಗೇಟಿನಿಂದ ಫೋನು ಬಂತು. “ಮೇಡಂ, ನಿಮ್ಮ ಅತ್ತಿಗೆಯಂತೆ, ಹಳ್ಳಿಯಿಂದ ಬಂದಿದಾರೆ.” ಅವಳಿಗೆ ಅತ್ತಿಗೆ ಇರಲಿಲ್ಲ. “ಕಳ್ಸಿ,” ಎಂದಳು. ಹೇಳಿದ ಮೇಲೆ ಮೆಂಗ್‌ಳ ಸಂಖ್ಯೆಯನ್ನು ಒತ್ತಲು ಬೆರಳಿಟ್ಟಳು. ನಾಲ್ಕು ಮಹಡಿ ಹತ್ತಿಬರುವಷ್ಟು ಹೊತ್ತು ಆ ಬೆರಳು ಅಲ್ಲೇ ಇತ್ತು.

ಗ್ವೇಜೆನ್ ಏದುಸಿರು ಬಿಡುತ್ತ ಬಂದು, ಹೊಸ್ತಿಲಲ್ಲಿ ಬೂಟಿನ ಮಣ್ಣು ಕೆರೆದಳು. ಅಂಗಡಿಯ ಹೊರಗೆ ಅವಳು ಇನ್ನೂ ಗಿಡ್ಡ ಕಂಡಳು. “ಇದೆ ಅಂತ ಗೊತ್ತಾಯ್ತು ನನಗೆ,” ಎಂದಳು, ಕೂರುವ ಮೊದಲೇ. “ನಾನು ಕೇಳಿದಾಗ ನಿಮ್ಮ ಕೈಯಲ್ಲಿ ತಿನ್ನೋ ಕಡ್ಡಿ ನಿಂತುಹೋಯ್ತು. ಮೂವತ್ತು ವರ್ಷ ಜನ ತಿನ್ನೋದು ನೋಡಿದೀನಿ ಟೀಚರಮ್ಮ. ಇಲ್ಲದೇ ಇರೋರು ತಿಂತಾ ತಿಂತಾ ಇಲ್ಲ ಅಂತಾರೆ.”

ಸೂಛಿನ್ ಪರದೆಯನ್ನು ಅವಳ ಕಡೆ ತಿರುಗಿಸಿದಳು.

ಬಹಳ ಹೊತ್ತು ಆಕೆ ಹತ್ತಿರ ಬರಲಿಲ್ಲ, ನಿಂತಲ್ಲಿಂದಲೇ ನೋಡಿದಳು. ಆಮೇಲೆ ಕೇಳಿದಳು, “ಮುಖ?”

“ಇಲ್ಲ. ಅಳಿಸಿದೀನಿ.”

“ಅವರು ಅಳಿಸು ಅಂದ್ರಾ?”

“ಯಾರೂ ಹೇಳ್ಲಿಲ್ಲ. ನಾನಾಗೇ.”

“ಯಾಕೆ?”

“ನಿಮಗೆ ತೊಂದರೆ ಆಗದೇ ಇರಲಿ ಅಂತ.” ಆ ಮಾತು ಬಾಯಿಂದ ಹೊರಬಿದ್ದು ಮೇಜಿನ ಮೇಲೆ ಇಬ್ಬರ ನಡುವೆ ಕೂತಿತು. ಗ್ವೇಜೆನ್‌ಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಕೆಮ್ಮೋ ತಿಳಿಯಲಿಲ್ಲ. ಅವಳು ಕೂಗಾಡಲಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಲಿ ಎಂದು ಸೂಛಿನ್ ಕಾದಳು. ಆಕೆ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಚೌಕವನ್ನು ಬಿಟ್ಟು ಅದರ ಸುತ್ತ ಇರುವುದನ್ನೆಲ್ಲ ನೋಡತೊಡಗಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ.

“ಇದೇನು, ಈ ತೇಲುಬಳೆ ಮೇಲೆ ಬರ್ದಿರೋದು?”

“ದೋಣಿ ಹೆಸರು. ನಂಬರ್ ಕೂಡ ಇದೆ.”

“ಅದನ್ನ ಅಳಿಸಿಲ್ಲ ನೀವು.”

“ಇಲ್ಲ. ಮುಖ ಮಾತ್ರ.”

“ಕೈನೂ ಅಳಿಸಿಲ್ಲ.” ಅವಳ ತೋರುಬೆರಳು ಗಾಜಿನ ಮೇಲೆ ಬುಟ್ಟಿಯ ಅಂಚಿಗೆ ಬಂದು ನಿಂತಿತು. “ನೋಡಿ, ಎಡಗೈ ಹೆಬ್ಬೆರಳು ಹೇಗೆ ಸೊಟ್ಟ ಇದೆ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಸಿಕ್ಕಿತ್ತು, ನನಗೆ ಹನ್ನೆರಡು ಅವಳಿಗೆ ಒಂಬತ್ತು. ಹಿಡಿ ತಿರುಗಿಸಿದ್ದು ನಾನೇ.” ಗಾಜಿನ ಮೇಲೆಯೇ ಆ ಹೆಬ್ಬೆರಳನ್ನು ಸವರಿದಳು. “ಈ ಕೈಲೇ ಮಗಳಿಗೆ ಜಡೆ ಹೆಣೀತಿದ್ಲು. ಹುಡುಗಿ ಬೈಕೊಳ್ಳೋಳು, ನಿನ್ನ ಹೆಬ್ಬೆರಳು ಚುಚ್ಚುತ್ತೆ ಅಂತ. ಅವಳಿಗೆ ಮುಖ ಬೇಕಾಗಿಲ್ಲ. ಇದು ಸಾಕು. ಕಾಗದದ ಮೇಲೆ ಮಾಡಿಕೊಡಿ, ಫೋನಿಗೆ ಬೇಡ. ಫೋನು ನನ್ನದಲ್ಲ.”

ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಮುದ್ರಣ ಯಂತ್ರ. ಅದು ಓಣಿಯಾಚೆ, ಮೆಂಗ್‌ಳ ಕೋಣೆಯಲ್ಲಿ, ಅವಳ ಕುರ್ಚಿಯ ಬಲಗೈಗೆ ಸಿಗುವಂತೆ ಇತ್ತು. ಯಾರು ಎಷ್ಟು ಹೊತ್ತಿಗೆ ಏನು ಮುದ್ರಿಸಿದರು ಎಂಬುದನ್ನು ಅದು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಬೀದಿಯ ಅಂಗಡಿಗೆ ಹೋಗೋಣ ಎಂದುಕೊಂಡಳು. ಗೇಟಿನಲ್ಲಿ ಈ ಹೊತ್ತಿಗೆ ಯಾರಾದರೂ ನಿಂತಿರುತ್ತಾರೆ. ನಾಳೆ ಅಂಚೆಯಲ್ಲಿ ಕಳಿಸುತ್ತೇನೆ ಎನ್ನಬಹುದು. ಅಂಚೆಯೂ ಲ್ವೋನ ಕೈ ದಾಟಿಯೇ ಸೇತುವೆಯ ಕೆಳಗೆ ಮುಟ್ಟುತ್ತದೆ. ಎಲ್ಲವನ್ನೂ ಯೋಚಿಸಿ ಮುಗಿಸುವುದರೊಳಗೆ ಕೈ ಗುಂಡಿ ಒತ್ತಿಯಾಗಿತ್ತು. ಎಷ್ಟು ಪ್ರತಿ ಎಂದು ಪರದೆ ಕೇಳಿತು. ಎರಡು ಎಂದು ಒತ್ತಿದಳು. ಎರಡನೆಯದು ಯಾರಿಗೆಂದು ಆಗ ಅವಳಿಗೇ ಗೊತ್ತಿರಲಿಲ್ಲ.

ಹಸಿರು ಗೆರೆ ಇನ್ನೇನು ತುದಿ ಮುಟ್ಟುತ್ತಿತ್ತು. ಏಳುವಾಗ, ಮನೆಯಿಂದ ಹೊರಡುವವರು ಬೀಗದ ಕೈ ಎತ್ತಿಕೊಳ್ಳುವಂತೆ, ಡ್ರೈವನ್ನು ಎಳೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಕೆಲಸ ಅರ್ಧಕ್ಕೇ ನಿಂತಿತೆಂದು ಪರದೆಯ ಮೇಲೆ ಎಚ್ಚರಿಕೆ ಮೂಡಿತು. ಗ್ವೇಜೆನ್ ಅದನ್ನು ಓದಿ, ಇವಳ ಮುಖ ನೋಡಿದಳು.

ಓಣಿಯಾಚೆ ಯಂತ್ರ ಗೊರಗೊರ ಸದ್ದು ಮಾಡಿ, ಕಾಗದ ನುಂಗಿ, ಒಂದು ಪ್ರತಿ ಹೊರಹಾಕಿ ನಿಂತಿತು. ಕುರ್ಚಿಯೊಂದು ಹಿಂದೆ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಯಾರೋ ಒಂದು ಚಿತ್ರವನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತಿನ ಮೌನ. ಹೆಜ್ಜೆಗಳು ಬಾಗಿಲಿನವರೆಗೆ ಬಂದವು, ಹೊರಗೆ ಬರಲಿಲ್ಲ. ಬೇರೆ ಕೋಣೆಗಳ ಬಾಗಿಲುಗಳೆಲ್ಲ ತೆರೆದಿದ್ದವು.

“ಇದು ಯಾರದು?” ಎಂದು ಮೆಂಗ್ ಕೇಳಿದಳು. ಕೇಳಿದ ರೀತಿಯಲ್ಲಿ ಒಂದು ಬೇಡಿಕೆಯಿತ್ತು. ಯಾರೂ ಉತ್ತರಿಸದಿದ್ದರೆ ಇದನ್ನು ಹರಿದು ಬುಟ್ಟಿಗೆ ಹಾಕಿಬಿಡುತ್ತೇನೆ, ಇಬ್ಬರೂ ಬದುಕೋಣ ಎಂಬಂಥದು. ಅದು ಸೂಛಿನ್‌ಳಿಗೆ ಸ್ಪಷ್ಟವಾಗಿ ಕೇಳಿಸಿತು. ಓಣಿಯ ಉದ್ದಕ್ಕೂ ಟೈಪು ಮಾಡುವ ಸದ್ದುಗಳು ಒಂದೊಂದಾಗಿ ನಿಂತವು.

ಅವಳು ಹೊಸ್ತಿಲಿಗೆ ಬಂದು ನಿಂತಳು.

“ನನ್ನದು,” ಎಂದಳು. “ಇನ್ನೊಂದು ಪ್ರತಿ ಬರಬೇಕು.”